ಮಾವನ ಟ್ರಂಕಿನಲ್ಲಿ ವಿಶ್ವವಿದ್ಯಾಲಯದ ಹಳೇ ಕಾಗದಗಳು ಸಿಕ್ಕಿವೆ, ಮುಂದೇನು ಮಾಡಲಿ?

ಕೋಡಿಬಾಗ:

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ. ನಮ್ಮ ಸೋದರಮಾವ ಇಲ್ಲಿನ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು, ಹೋದ ವರ್ಷ ತೀರಿಕೊಂಡರು. ಮೊನ್ನೆ ಅವರ ಮನೆಯ ಹಂಚು ಇಳಿಸಿ ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ಎರಡು ಕಬ್ಬಿಣದ ಟ್ರಂಕು ಸಿಕ್ಕವು. ಬಟ್ಟೆ ಇರಬಹುದು ಅಂದುಕೊಂಡು ತೆಗೆದರೆ ಪೂರ್ತಿ ಕಾಗದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಂದ ಸೈಕ್ಲೋಸ್ಟೈಲ್ (ಸ್ಟೆನ್ಸಿಲ್ ಹಾಕಿ ಪ್ರತಿ ತೆಗೆದ) ಸುತ್ತೋಲೆಗಳು, ಹಳೇ ಸಿಲೆಬಸ್ ಪುಸ್ತಕಗಳು, ಪರೀಕ್ಷೆಯ ವೇಳಾಪಟ್ಟಿಗಳು, ಕಾಲೇಜಿನ ವಾರ್ಷಿಕ ಪತ್ರಿಕೆ ಮಿಸಲೇನಿಯ 14 ಸಂಚಿಕೆ, ನಲವತ್ತರ ಹತ್ತಿರ ಗ್ರೂಪ್ ಫೋಟೋ, ಒಂದು ನೋಟೀಸ್ ಬುಕ್ಕು.

ಆ ನೋಟೀಸ್ ಬುಕ್ಕಿನ ಒಂದು ಹಾಳೆ ನನ್ನನ್ನು ಹಿಡಿದು ಕೂರಿಸಿತು. ನದಿಯ ಆಚೆ ದಡದ ಸದಾಶಿವಗಡದ ಕಡೆಯಿಂದ ತಾರಿಯಲ್ಲಿ (ದೋಣಿಯಲ್ಲಿ) ಬರುವ ವಿದ್ಯಾರ್ಥಿಗಳು ಮೊದಲ ಪಿರಿಯಡ್ಡಿಗೆ ಹತ್ತು ನಿಮಿಷ ತಡವಾಗಿ ಬಂದರೂ ಹಾಜರಿ ಹಾಕಬೇಕು ಅಂತ ಬರೆದಿದೆ. ಕೆಳಗೆ ಎಲ್ಲ ಮೇಷ್ಟ್ರುಗಳ ಸಹಿ. ಕಾಳಿ ನದಿಗೆ ಸೇತುವೆ ಇಲ್ಲದ ಕಾಲ ಅದು. ಆಮೇಲೆ ಸೇತುವೆ ಬಂತು, ಹಳತಾಯಿತು, 2024ರ ಆಗಸ್ಟಿನಲ್ಲಿ ರಾತ್ರೋರಾತ್ರಿ ಕುಸಿದೂ ಬಿತ್ತು. ಈ ಹಾಳೆ ಇನ್ನೂ ಇದೆ.

ಕಾಲೇಜಿಗೆ ಹೋಗಿ ಕೇಳಿದೆ. ಇಡಲಿಕ್ಕೆ ಜಾಗ ಇಲ್ಲ ಅಂದರು. ಧಾರವಾಡಕ್ಕೆ ಕೊಡಲಾ? ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಲಾ? ನನಗೆ ಈ ಕೆಲಸ ಗೊತ್ತಿಲ್ಲ, ಆದರೆ ಇದು ರದ್ದಿಗೆ ಹೋಗಬಾರದು ಅನ್ನುವುದು ಮಾತ್ರ ಖಂಡಿತ. ಟ್ರಂಕಿನ ತಳದ ಕಾಗದಕ್ಕೆ ಬೂಸ್ಟು ಹಿಡಿದಿದೆ, ಮುಗ್ಗಲು ವಾಸನೆ. ದಯವಿಟ್ಟು ತಿಳಿದವರು ಹೇಳಿ.

ಹಳೇ ದಫ್ತರ:

ಮೊದಲು ಒಂದು ಮಾತು. ಟ್ರಂಕಿನಲ್ಲಿ ಯಾವ ಕ್ರಮದಲ್ಲಿ ಇತ್ತೋ ಆ ಕ್ರಮ ಕೆಡಿಸಬೇಡಿ. ಎಲ್ಲರೂ ಮಾಡುವ ತಪ್ಪು ಅದೇ. ಫೋಟೋ ಎಲ್ಲ ಒಂದು ಕಡೆ, ಸುತ್ತೋಲೆ ಎಲ್ಲ ಒಂದು ಕಡೆ ಅಂತ ಚೆಂದ ಮಾಡಿ ಜೋಡಿಸಿಬಿಡುತ್ತಾರೆ. ನಿಮ್ಮ ಮಾವ ಒಂದು ಫೋಟೋವನ್ನು ಯಾವುದೋ ಪತ್ರದ ಜೊತೆ ಸೇರಿಸಿ ಕಟ್ಟಿದ್ದರೆ ಅದಕ್ಕೊಂದು ಕಾರಣ ಇರುತ್ತದೆ. ಬಿಡಿಸಿದರೆ ಆ ಸಂಬಂಧವೇ ಹೋಗುತ್ತದೆ. ಒಂದೊಂದು ಕಟ್ಟು ತೆಗೆಯುವಾಗಲೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ, ಕಟ್ಟಿಗೆ ನಂಬರ್ ಕೊಡಿ, ನಂಬರನ್ನು ಪೆನ್ಸಿಲಿನಲ್ಲೇ ಬರೆಯಿರಿ.

ನಾನು ಕುಮಟೆಯವನು, ಗ್ರಂಥಾಲಯದ ಕೆಲಸದಲ್ಲಿ ಜೀವನ ಕಳೆದವನು. ಬೂಸ್ಟು ಹಿಡಿದದ್ದನ್ನು ಮೊದಲು ಬೇರೆ ಇಡಿ, ಇಲ್ಲದಿದ್ದರೆ ಒಳ್ಳೆಯದಕ್ಕೂ ಹರಡುತ್ತದೆ. ಬಿಸಿಲಿಗೆ ಹಾಕಬೇಡಿ, ಶಾಯಿ ಹಾರಿಹೋಗುತ್ತದೆ, ಕಾಗದ ಗರಿಗರಿಯಾಗಿ ಮುರಿಯುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕೋಣೆಯಲ್ಲಿ ಹರಡಿ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತಗಿನ ಬ್ರಷ್ಷಿನಲ್ಲಿ ಮನೆಯ ಹೊರಗೆ ಕೂತು ಒರೆಸಿ. ತುಕ್ಕು ಹಿಡಿದ ಪಿನ್ನು ನಿಧಾನಕ್ಕೆ ತೆಗೆಯಿರಿ. ಹರಿದಲ್ಲಿ ಸೆಲ್ಲೋಟೇಪ್ ಬೇಡವೇ ಬೇಡ. ಲ್ಯಾಮಿನೇಶನ್ ಅಂತೂ ಯಾರು ಹೇಳಿದರೂ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಆ ಕಾಗದವನ್ನು ಮತ್ತೆ ಬಿಡಿಸಲಿಕ್ಕೆ ಆಗುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಮುಚ್ಚಿದ ಕಬ್ಬಿಣದ ಟ್ರಂಕಿನೊಳಗೆ ಆ ತೇವ ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ಹತ್ತಿಯ ಬಟ್ಟೆಯಲ್ಲಿ ಗಂಟು ಕಟ್ಟಿ, ನೆಲಕ್ಕೂ ಹೊರಗೋಡೆಗೂ ತಾಗದ ಹಾಗೆ ಕಪಾಟಿನಲ್ಲಿ ಇಡಿ.

ಇನ್ನು ಕೊಡುವ ವಿಷಯ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಧಾರವಾಡಕ್ಕೆ ಬಂದದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯೂ 1956ರ ತನಕ ಮುಂಬೈ ರಾಜ್ಯದಲ್ಲೇ ಇತ್ತು. ವಿಶ್ವವಿದ್ಯಾಲಯದ ಚರಿತ್ರೆ ಅಂದರೆ ಕುಲಪತಿಗಳು, ಕಟ್ಟಡಗಳು, ಘಟಿಕೋತ್ಸವ ಇಷ್ಟನ್ನೇ ಬರೆಯುತ್ತಾರೆ. 1954ರಿಂದ 1967ರ ತನಕ ಪಾವಟೆಯವರು ಕುಲಪತಿಗಳಾಗಿದ್ದು ಕ್ಯಾಂಪಸ್ ಕಟ್ಟಿದ ಕಥೆ ಎಲ್ಲರಿಗೂ ಗೊತ್ತು. ಬರೆಯಬೇಕಾದದ್ದೇ ಅದು. ಆದರೆ ಆ ವಿಶ್ವವಿದ್ಯಾಲಯದ ಡಿಗ್ರಿ ಪಡೆದವರಲ್ಲಿ ಎಷ್ಟೋ ಜನ ಘಟ್ಟ ಹತ್ತಿ ಧಾರವಾಡ ನೋಡಿದವರೇ ಅಲ್ಲ. ಅವರಿಗೆ ವಿಶ್ವವಿದ್ಯಾಲಯ ಅಂದರೆ ಕುಮಟೆಯ, ಕಾರವಾರದ, ಶಿರಸಿಯ ಕಾಲೇಜು. ಅಂಕೋಲೆಯ ಗೋಖಲೆ ಸೆಂಟೆನರಿ ಕಾಲೇಜನ್ನೇ ನೋಡಿ. ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ ನೆನಪಿಗೆ 1966ರಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದ್ದು. ಊರೂರಿನ ಈ ಚರಿತ್ರೆ ಧಾರವಾಡದ ಫೈಲಿನಲ್ಲಿ ಪೂರ್ತಿ ಸಿಗುವುದಿಲ್ಲ. ಅದು ನಿಮ್ಮ ಮಾವನ ಟ್ರಂಕಿನಂಥ ಟ್ರಂಕುಗಳಲ್ಲಿದೆ. ಹಾಗಾಗಿ ಕೈಗೆ ಸಿಕ್ಕವರಿಗೆ ಸುಮ್ನೆ ಕೊಟ್ಟುಬಿಡಬೇಡಿ. ಕೊಡುವ ಮುಂಚೆ ಪ್ರತಿ ಹಾಳೆಯ ಪಟ್ಟಿ ಮಾಡಿ, ಯಾರು ಎಲ್ಲಿ ಇಡುತ್ತಾರೆ, ಜನರಿಗೆ ನೋಡಲು ಬಿಡುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ನಮ್ಮ ಕಡೆಯ ಒಂದು ಕಾಲೇಜು ಕಟ್ಟಡ ಬದಲಿಸುವಾಗ ಹಳೇ ರಿಜಿಸ್ಟರುಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಕೊಟ್ಟಿತು. ಲಾರಿ ಹೋದ ಮೇಲೆ ನನಗೆ ಸುದ್ದಿ ತಲುಪಿತು. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಶಿರಸಿ ಪೇಟೆ:

ಸ್ಕ್ಯಾನಿಂಗ್ ಬಗ್ಗೆ ನಾನು ಹೇಳುತ್ತೇನೆ. ಬರಹಕ್ಕೆ 400 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಸಾಕು, ಫೋಟೋಗಳಿಗೆ 600 ಇಡಿ. ಕಪ್ಪು ಬಿಳುಪು ಕಾಗದವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಸೀಲು, ಪೆನ್ಸಿಲ್ ಗುರುತು, ಕೆಂಪು ಶಾಯಿ ಎಲ್ಲ ಬರುತ್ತದೆ. ಸ್ಕ್ಯಾನಿನ ಮೂಲ ಪ್ರತಿಯನ್ನು ಟಿಫ್ (ಚಿತ್ರದ ಗುಣಮಟ್ಟ ಕೆಡದ ಹಾಗೆ ಇಡುವ ಬಗೆ) ಫೈಲಾಗಿ ಇಡಿ. ಎ4 ಅಳತೆಯ ಒಂದು ಪುಟ ಸುಮಾರು 45 ಎಂಬಿ ಆಗುತ್ತದೆ, ಸಾವಿರ ಪುಟಕ್ಕೆ 45 ಜಿಬಿ. ಹಾರ್ಡ್ ಡಿಸ್ಕಿಗೆ ಅದು ದೊಡ್ಡ ಭಾರ ಅಲ್ಲ. ಜನರಿಗೆ ಹಂಚಲಿಕ್ಕೆ ಅದರಿಂದಲೇ ಸಣ್ಣ ಪಿಡಿಎಫ್ ಮಾಡಿಕೊಳ್ಳಿ. ಫೋಟೋದ ಹಿಂಬದಿ ಮರೆಯಬೇಡಿ, ಹೆಸರು, ಸ್ಟುಡಿಯೋದ ಸೀಲು, ತಾರೀಖು ಇರುವುದು ಅಲ್ಲೇ. ಮೂರು ಪ್ರತಿ ಇರಲಿ, ಒಂದಾದರೂ ಕಾರವಾರದ ಹೊರಗೆ ಇರಲಿ.

ಫೈಲಿಗೆ ಹೆಸರು ಕೊಡುವಾಗ ಶಿಸ್ತು ಬೇಕು. ಟ್ರಂಕು 1, ಕಟ್ಟು 3, ಹಾಳೆ 12 ಅಂದರೆ 01-03-012, ಅಷ್ಟೇ. ಉಳಿದದ್ದೆಲ್ಲ ಒಂದು ಎಕ್ಸೆಲ್ ಪಟ್ಟಿಯಲ್ಲಿ ಬರೆಯಿರಿ: ಏನು, ಯಾವ ವರ್ಷ, ಯಾರು ಬರೆದದ್ದು, ಯಾವ ಭಾಷೆ.

ಅಚ್ಚಾದ ಕನ್ನಡ ಪುಟಗಳನ್ನು ಹುಡುಕುವ ಹಾಗೆ ಮಾಡಬೇಕಾದರೆ ಟೆಸರಾಕ್ಟ್ ಅನ್ನುವ ಉಚಿತ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವ ಸಾಫ್ಟ್‌ವೇರ್) ಇದೆ, ಕನ್ನಡ ಓದುತ್ತದೆ. ಗೂಗಲ್ ಡ್ರೈವಿನಲ್ಲೂ ಆಗುತ್ತದೆ. ಹಳೇ ಮೊಳೆ ಅಚ್ಚಿನಲ್ಲಿ ಒತ್ತಕ್ಷರ ತಪ್ಪಿ ಬರುತ್ತದೆ, ಕೂತು ತಿದ್ದಬೇಕು. ಮಸುಕಾದ ಸೈಕ್ಲೋಸ್ಟೈಲ್ ಪ್ರತಿಗಳಿಗೆ ಇದರಿಂದ ಜಾಸ್ತಿ ಉಪಯೋಗ ಇಲ್ಲ, ಕೈಯಲ್ಲೇ ಟೈಪ್ ಮಾಡಿದರೆ ಬೇಗ. ಇನ್ನೊಂದು ವಿಷಯ. ಈಚಿನ ಮಿಸಲೇನಿಗಳ ಡಿಟಿಪಿ ಫೈಲು ಯಾರ ಹತ್ತಿರವಾದರೂ ಇದ್ದರೆ ಅದು 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿರಬಹುದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಕನ್ನಡದ ಬದಲು ಏನೇನೋ ಗುರುತುಗಳು ಕಾಣುತ್ತವೆ. ಹಾಳಾಗಿದೆ ಅಂತ ಅಳಿಸಬೇಡಿ. ಕನ್ವರ್ಟರಿಗೆ ಹಾಕಿದರೆ ಯೂನಿಕೋಡಿಗೆ, ಅಂದರೆ ಈಗಿನ ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ರೂಪಕ್ಕೆ ಬರುತ್ತದೆ.

ಹಾಕುವುದು ಎಲ್ಲಿ ಅಂದರೆ ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಗ್ರಂಥಾಲಯ ಒಳ್ಳೆಯ ಜಾಗ, ದುಡ್ಡು ಕೊಡಬೇಕಾಗಿಲ್ಲ. ಅಲ್ಲಿನ ಸರ್ವೆಂಟ್ಸ್ ಆಫ್ ನಾಲೆಡ್ಜ್ ಅನ್ನುವ ಸಂಗ್ರಹದಲ್ಲಿ ಆಗಲೇ ಎಷ್ಟೊಂದು ಕನ್ನಡ ಪುಸ್ತಕ ಇವೆ, ಒಮ್ಮೆ ನೋಡಿ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ಜಾಲತಾಣ ಇದೆ. ಆದರೆ ನೋಟೀಸ್ ಬುಕ್ಕಿಗೆ, ತಾರಿಯ ಹಾಜರಿಗೆ ಅಲ್ಲಿ ಜಾಗ ಇಲ್ಲ, ಅದನ್ನು ನಾವೇ ಮಾಡಬೇಕು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ 2019ರಲ್ಲಿ ತನ್ನದೇ ಆರ್ಕೈವ್ಸ್ ತೆರೆದು ವಿಜ್ಞಾನಿಗಳ ಪತ್ರ, ನೋಟ್‌ಬುಕ್ಕು, ಸಂದರ್ಶನ ಎಲ್ಲ ಜೋಪಾನ ಮಾಡುತ್ತಿದೆ. ಅವರ ಪಟ್ಟಿ ಹೇಗಿದೆ ಅಂತ ನೋಡಿದರೆ ನಿಮಗೆ ಅಂದಾಜು ಸಿಗುತ್ತದೆ.

ಬೇಲೇಕೇರಿ:

ಸ್ಕ್ಯಾನ್ ಒಂದು ವರ್ಷ ತಡವಾದರೂ ನಡೆಯುತ್ತದೆ. ಫೋಟೋದಲ್ಲಿ ಇರುವವರು ಯಾರು ಅಂತ ಹೇಳುವವರು ಒಂದು ವರ್ಷ ಕಾಯುತ್ತಾರಾ? ಅದನ್ನು ಮೊದಲು ಮಾಡಿ ಅಣ್ಣ.

ನಾವು ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳು ಸೇರಿ ಮಾಡಿದ ಕ್ರಮ ಹೇಳುತ್ತೇನೆ. ಫೋಟೋದ ದೊಡ್ಡ ಪ್ರಿಂಟ್ ತೆಗೆದು ಪ್ರತಿ ತಲೆಗೂ ನಂಬರ್ ಹಾಕಿದೆವು. ಅದನ್ನು ಹಿಡಿದುಕೊಂಡು ಹಿರಿಯರ ಮನೆಗೆ ಹೋದೆವು. ಬರೀ ಹೆಸರು ಬರೆದುಕೊಂಡರೆ ಸಾಲದು. ಅಂಕೋಲೆಯಲ್ಲಿ ಆರ್. ನಾಯಕ ಅಂದರೆ ಯಾವ ನಾಯಕ? ಶಿರಸಿಯಲ್ಲಿ ಜಿ. ಹೆಗಡೆ ಅಂದರೆ ಎಷ್ಟು ಜನ! ಊರು, ಕೇರಿ, ಮನೆ ಹೆಸರು ಬೇಕು. ಹೆಣ್ಣುಮಕ್ಕಳದ್ದು ತವರಿನ ಹೆಸರು, ಮದುವೆಯಾದ ಮೇಲಿನ ಹೆಸರು ಎರಡೂ ಬೇಕು, ಇಲ್ಲದಿದ್ದರೆ ಮುಂದೆ ಹುಡುಕಿದರೆ ಸಿಗುವುದೇ ಇಲ್ಲ. ಹಳೇ ಫೋಟೋಗಳ ಕೆಳಗೆ 'ಕುಳಿತವರು, ನಿಂತವರು' ಅಂತ ಪಟ್ಟಿ ಅಚ್ಚು ಹಾಕಿರುತ್ತಾರಲ್ಲ, ಅದರಲ್ಲಿ ತುದಿಯಲ್ಲಿ ನಿಂತ ಜವಾನರ ಹೆಸರು ಎಷ್ಟೋ ಸಲ ಇರುವುದಿಲ್ಲ. ಲ್ಯಾಬಿನ ಅಟೆಂಡರ್, ಗಂಟೆ ಹೊಡೆಯುವವರು, ಹಾಸ್ಟೆಲಿನ ಅಡುಗೆಯವರು, ಇವರೆಲ್ಲರ ಹೆಸರು ಕೇಳಿ ಬರೆಯಿರಿ. ಅವರಿಲ್ಲದೆ ಒಂದು ದಿನವೂ ಕಾಲೇಜು ನಡೆದಿಲ್ಲ.

ಮಾತು ರೆಕಾರ್ಡ್ ಮಾಡುವುದಾದರೆ ಮೊಬೈಲ್ ಸಾಕು. ಫ್ಯಾನ್ ಬಂದ್ ಮಾಡಿ, ಏರ್‌ಪ್ಲೇನ್ ಮೋಡ್ ಹಾಕಿ. ಶುರುವಿನಲ್ಲೇ ಅವರ ಹೆಸರು, ತಾರೀಖು, ಇದನ್ನು ಜನರ ಮುಂದೆ ಇಡಬಹುದಾ ಅನ್ನುವುದಕ್ಕೆ ಅವರ ಒಪ್ಪಿಗೆ, ಮೂರೂ ಅವರ ಬಾಯಿಂದಲೇ ಬರಲಿ.

ಹಳೇ ದಫ್ತರ:

ಬೇಲೇಕೇರಿಯವರು ಹೇಳಿದ್ದು ಸರಿ, ನಾನು ಕಾಗದದ ಚಿಂತೆಯಲ್ಲಿ ಅದನ್ನು ಬಿಟ್ಟಿದ್ದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಂಕಪಟ್ಟಿ, ಜಾತಿಯ ಕಾಲಂ ಇರುವ ದಾಖಲೆ, ಯಾರಿಗೋ ಶಿಕ್ಷೆ ಕೊಟ್ಟ ಪತ್ರ ಇದ್ದರೆ ಸ್ಕ್ಯಾನ್ ಮಾಡಿ ಇಡಿ, ಆದರೆ ಇಂಟರ್ನೆಟ್ಟಿಗೆ ಹಾಕಬೇಡಿ. ಆ ಜನ, ಅವರ ಮಕ್ಕಳು ಇಲ್ಲೇ ಇದ್ದಾರೆ. ಮಿಸಲೇನಿಯ ಕಥೆ ಕವಿತೆಗಳಿಗೂ ಹಕ್ಕು ಇದೆ, ನಮ್ಮ ಕಾನೂನಿನ ಪ್ರಕಾರ ಬರೆದವರು ತೀರಿಕೊಂಡು 60 ವರ್ಷದ ತನಕ. ಬರೆದವರನ್ನು ಅಥವಾ ಮನೆಯವರನ್ನು ಕೇಳಿ ಹಾಕಿ. ನನ್ನ ಅನುಭವದಲ್ಲಿ ಬೇಡ ಅಂದವರು ಒಬ್ಬರೂ ಇಲ್ಲ, ಮರೆತೇ ಹೋಗಿದ್ದ ಕವಿತೆ ನೋಡಿ ಕಣ್ಣು ತುಂಬಿಕೊಂಡವರೇ ಜಾಸ್ತಿ.

ಕೋಡಿಬಾಗ:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ವಾರ ಆಯಿತು, ಏನು ಮಾಡಿದೆ ಅಂತ ಹೇಳುತ್ತೇನೆ. ಬೂಸ್ಟು ಹಿಡಿದ ಕಟ್ಟುಗಳು ಬೇರೆ ಕೋಣೆಯಲ್ಲಿ ಒಣಗುತ್ತಿವೆ. ಒಂದು ಟ್ರಂಕಿನ ಪಟ್ಟಿ ಮುಗಿದಿದೆ, 212 ಹಾಳೆ.

ನಿನ್ನೆ ಮಾಜಾಳಿಗೆ ಹೋಗಿದ್ದೆ, ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ಹಿರಿಯರ ಮನೆಗೆ. ತಾರಿಯ ನೋಟೀಸ್ ತೋರಿಸಿದ ಕೂಡಲೇ ಗುರುತು ಹಿಡಿದರು. ಅವರು ಹೇಳಿದ್ದು ಕಾಗದದಲ್ಲಿ ಇಲ್ಲದ ವಿಷಯ. ಮಳೆಗಾಲದಲ್ಲಿ ಹೊಳೆ ಏರಿದರೆ ತಾರಿ ಬಿಡುತ್ತಲೇ ಇರಲಿಲ್ಲವಂತೆ. ಆಚೆ ದಡದ ಹುಡುಗರಿಗೆ ಪ್ರಾಕ್ಟಿಕಲ್ ತಪ್ಪುತ್ತಿತ್ತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಲಿಕ್ಕೆ ಬಿಡುವುದಿಲ್ಲ ಅನ್ನುವ ಹೆದರಿಕೆ ಬೇರೆ. ಹಾಗಾಗಿ ಭಾನುವಾರ ಲ್ಯಾಬಿನ ಬೀಗ ತೆಗೆದು ಅವರಿಗಾಗಿಯೇ ಮತ್ತೆ ಪ್ರಾಕ್ಟಿಕಲ್ ಮಾಡಿಸುತ್ತಿದ್ದರಂತೆ. ಮಾಡಿಸುತ್ತಿದ್ದವರು ನಮ್ಮ ಮಾವ, ಬೀಗ ತೆಗೆಯುತ್ತಿದ್ದವರು ಇವರು. ಮಾವ ಒಂದು ದಿನವೂ ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಅತ್ತೆಗೆ ಭಾನುವಾರ ಅವರು ಕಾಲೇಜಿಗೆ ಹೋಗುತ್ತಿದ್ದದ್ದು ಗೊತ್ತಿತ್ತು, ಯಾಕೆ ಅಂತ ನಿನ್ನೆಯೇ ಗೊತ್ತಾದದ್ದು.

ಒಂದು ಪ್ರಶ್ನೆ. ಅವರು ಮುಕ್ಕಾಲು ಗಂಟೆ ಮಾತಾಡಿದ್ದು ಪೂರ್ತಿ ಕೊಂಕಣಿಯಲ್ಲಿ. ಕನ್ನಡಕ್ಕೆ ಮಾಡಿ ಬರೆಯಲಾ, ಹಾಗೇ ಇಡಲಾ? ಬರುವ ಭಾನುವಾರ ಬೈತಖೋಲದಲ್ಲಿ ಇನ್ನೊಬ್ಬರ ಮನೆಗೆ ಹೋಗುವುದಿದೆ, ಅವರದ್ದೂ ಕೊಂಕಣಿಯೇ.

ಬೇಲೇಕೇರಿ:

ರೆಕಾರ್ಡಿಂಗ್ ಮುಟ್ಟಬೇಡಿ, ಹಾಗೇ ಇರಲಿ. ಅವರು ಹೇಳಿದ ಹಾಗೇ ಕೊಂಕಣಿಯಲ್ಲಿ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಅದರ ಕೆಳಗೆ ಕನ್ನಡದಲ್ಲಿ ಸಾರಾಂಶ ಕೊಡಿ, ಯಾವ ನಿಮಿಷದಲ್ಲಿ ಯಾವ ವಿಷಯ ಅಂತಲೂ ಹಾಕಿ. ಬೈತಖೋಲಕ್ಕೆ ನಾನೂ ಬರುತ್ತೇನೆ ಅಣ್ಣ, ಬೆಳಿಗ್ಗೆ ಎಷ್ಟು ಗಂಟೆಗೆ ಅಂತ ಹೇಳಿ. ಫೋಟೋಗಳ ದೊಡ್ಡ ಪ್ರಿಂಟ್ ಅಂಕೋಲೆಯಲ್ಲೇ ತೆಗೆಸಿ ತರುತ್ತೇನೆ, ಫೈಲ್ ಕಳಿಸಿ.