ಸಹಾಯ ಬೇಕು: ಹಳೇ ಲ್ಯಾಪ್‌ಟಾಪ್ ಸೆಲ್‌ನಲ್ಲಿ ಮಾಡಿದ ಕೊಟ್ಟಿಗೆ ದೀಪ ಅರ್ಧ ನಿಮಿಷಕ್ಕೇ ಆಫ್

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಬೆಳಗ್ಗೆ ಐದಕ್ಕೆ ಹಾಲು ಕರೆಯೋಕೆ ಕೂತರೆ ಸರಿಯಾಗಿ ಆಗಲೇ ಕರೆಂಟ್ ಹೋಗುತ್ತದೆ. ಅದಕ್ಕೇ ಮನೆಯಲ್ಲಿ ಬಿದ್ದಿದ್ದ ಸಾಮಾನಲ್ಲೇ ಒಂದು ದೀಪ ಮಾಡಿದೆ.

ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಒಂದು 18650 ಸೆಲ್ (ದುಂಡನೆಯ ಲಿಥಿಯಂ ಸೆಲ್), ಪ್ರೊಟೆಕ್ಷನ್ (ವೋಲ್ಟೇಜ್ ತೀರಾ ಇಳಿದರೆ ಅಥವಾ ಕರೆಂಟ್ ಮಿತಿ ಮೀರಿದರೆ ಸೆಲ್ ಕಟ್ ಮಾಡುವ ವ್ಯವಸ್ಥೆ) ಇರುವ ಟಿಪಿ4056 ಚಾರ್ಜಿಂಗ್ ಬೋರ್ಡ್, 12 ವೋಲ್ಟ್‌ಗೆ ಏರಿಸಲು ಎಂಟಿ3608 ಬೂಸ್ಟರ್ ಬೋರ್ಡ್, ಒಂದು ಮೀಟರ್ ಎಲ್‌ಇಡಿ ಸ್ಟ್ರಿಪ್ (9.6 ವ್ಯಾಟ್). ಡಬ್ಬ ಅಮ್ಮನ ಉಪ್ಪಿನಕಾಯಿದು, ಇನ್ನೂ ವಾಸನೆ ಹೋಗಿಲ್ಲ!

ಸ್ವಿಚ್ ಹಾಕಿದರೆ ಹಸುವಿನ ಕಣ್ಣು ಫಳಫಳ ಹೊಳೆಯುವಷ್ಟು ಬೆಳಕು. ಅರ್ಧ ನಿಮಿಷ ಆದಮೇಲೆ ಟಪ್ ಅಂತ ಆಫ್. ಚಾರ್ಜರ್ ಚುಚ್ಚಿ ತೆಗೆದರೆ ಮತ್ತೆ ಜೀವ ಬರುತ್ತದೆ, ಮತ್ತೆ ಅದೇ ಕಥೆ.

ಬೆಸುಗೆ ಎಲ್ಲಾ ಹೊಸದಾಗಿ ಹಾಕಿದೆ, ದಪ್ಪ ವೈರ್ ಹಾಕಿದೆ. ಪ್ರಯೋಜನ ಇಲ್ಲ. ಸ್ಟ್ರಿಪ್ ಅರ್ಧಕ್ಕೆ ಕತ್ತರಿಸಿದರೆ ಮಾತ್ರ ಇಪ್ಪತ್ತು ನಿಮಿಷ ಉರಿಯುತ್ತದೆ, ಆದರೆ ಕೆಚ್ಚಲೇ ಸರಿಯಾಗಿ ಕಾಣಲ್ಲ.

ಗೊಂದಲ ಇರೋದು ಇಲ್ಲಿ. ಸುಮ್ನೆ ಇದ್ದಾಗ ಸೆಲ್ 4.1 ವೋಲ್ಟ್ ತೋರಿಸುತ್ತದೆ, ದೀಪ ಆರುವಾಗ ಸುಮಾರು 2.9. ಚಾರ್ಜಿಂಗ್ ಬೋರ್ಡ್ ಕಟ್ ಮಾಡಬೇಕಾದ್ದು 2.4ರ ಹತ್ತಿರ ಅಲ್ವಾ? ವೋಲ್ಟೇಜ್ ಬಿದ್ದಷ್ಟೂ ಬೂಸ್ಟರ್ ಕರೆಂಟ್ ಜಾಸ್ತಿ ಎಳೆದು, ಆ ಬೋರ್ಡಿನ ಮಿತಿಯಾದ 3 ಆಂಪ್ ದಾಟಿ ಕಟ್ ಆಗುತ್ತಿದೆಯಾ?

ಅದೇ ಬ್ಯಾಟರಿಯ ಇನ್ನೆರಡು ಸೆಲ್ ನನ್ನ ಹತ್ರ ಇವೆ. ವೋಲ್ಟೇಜ್ ಸಮ ಮಾಡಿ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಹಾಕಿದರೆ ಸಾಕಾ, ಇಲ್ಲಾ ಜಾಸ್ತಿ ಆಂಪ್‌ನ ಪ್ರೊಟೆಕ್ಷನ್ ಬೋರ್ಡೇ ತರಬೇಕಾ?