ಓದುಗರ ಸ್ಪಂದನ: ಹೆಂಚು ಒಡೆದ್ರೆ ಮನೆ ಒಡೆಯ ಬದಲಾಗ್ತಾನಾ?

ಕಳೆದ ಸಲ ತೀರ್ಥಹಳ್ಳಿ ಕಡೆಯ ಓದುಗರೊಬ್ರು ಬರೆದಿದ್ರು. ಸ್ತನ ಕ್ಯಾನ್ಸರ್ ಆಗಿ ಎಡಗಡೆದು ಪೂರ್ತಿ ತೆಗೆಸಿ 10 ತಿಂಗಳಾಯ್ತು. ಮನೆಗೆ ಜಪಸರಕ್ಕೆ (ಮಣಿಸರ ಹಿಡಿದು ಮಾಡೋ ಪ್ರಾರ್ಥನೆಗೆ) ಬಂದಿದ್ದ ಒಬ್ರು "ದೇಹ ಅಂದ್ರೆ ಪವಿತ್ರಾತ್ಮರ ಗುಡಿ ಕಣಮ್ಮ, ನೀನು ಸರಿಯಾಗಿ ಕಾಪಾಡ್ಕೊಂಡಿಲ್ಲ, ಏನೋ ಪಾಪ ಇದೆ" ಅಂದ್ರಂತೆ. ಅವತ್ತಿಂದ ಚರ್ಚಿಗೆ ಹೋಗಿಲ್ಲ, ಕನ್ನಡಿ ನೋಡಿಲ್ಲ. ಒಡೆದ ಗುಡೀಲಿ ದೇವರು ಇರ್ತಾರಾ ಅಂತ ಕೇಳಿದ್ರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಭದ್ರಾವತಿಯಿಂದ

ತಂಗಿ, ನಿನ್ನ ಕಾಗದ ಓದಿ ರಾತ್ರಿ ನಿದ್ದೆನೇ ಬರ್ಲಿಲ್ಲ ನಂಗೆ, ಯಾಕಂದ್ರೆ 9 ವರ್ಷದ ಹಿಂದೆ ನಂದೂ ಬಲಗಡೆದು ತೆಗೆದ್ರು, ಆಗ ನಂಗೆ 52. ಆರು ತಿಂಗಳು ಬಚ್ಚಲಲ್ಲಿ ಲೈಟ್ ಹಾಕ್ದೆ ಸ್ನಾನ ಮಾಡಿದೋಳು ನಾನು, ಒಲೆ ಬೆಂಕಿ ಬೆಳಕೇ ಸಾಕು ಅಂತಿದ್ದೆ. ಚರ್ಚಲ್ಲಿ ಸೆರಗು ಎರಡು ಸುತ್ತು ಹೊದ್ಕೊಂಡು ಕೊನೇ ಬೆಂಚಲ್ಲಿ ಕೂರ್ತಿದ್ದೆ, ಪರಮಪ್ರಸಾದಕ್ಕೆ ಎದ್ದು ಹೋಗೋವಾಗ ಎಲ್ರೂ ಅಲ್ಲೇ ನೋಡ್ತಾರೆ ಅನ್ಸೋದು. ಸಿಲಿಕೋನ್‌ನ ಕೃತಕ ಸ್ತನ ದುಬಾರಿ ಅಂತ ಹಳೇ ಲಂಗದ ಬಟ್ಟೇಲಿ ಬೂರುಗದ ಹತ್ತಿ ತುಂಬಿ ನಾನೇ ಒಂದು ಚೀಲ ಹೊಲ್ಕೊಂಡೆ, ಹಗುರ ಆಗಿ ಅದು ಮೇಲ್ಮೇಲಕ್ಕೆ ಹತ್ತೋದು ಮಾರಾಯ್ತಿ, ಆಮೇಲೆ ಬಿಚ್ಚಿ ತಳಕ್ಕೆ ಒಂದು ಹಿಡಿ ರಾಗಿ ಹಾಕಿ ಹೊಲಿದೆ, ಸರಿಯಾಗಿ ಕೂತ್ಕೊಂತು. ಅದನ್ನ ಹೊಲೀತಾ ಕೂತಾಗ ಅನ್ಸಿದ್ದು, ಈ ಮೈಗೆ ಅಂತ ನಾನು ಒಂದು ಗಂಟೆ ಕೂತಿದ್ದು ಇದೇ ಮೊದ್ಲು ಅಂತ. ಅಲ್ಲೀವರೆಗೂ ಗಂಡ, ಮಕ್ಕಳು, ಅತ್ತೆ, ಕೊಟ್ಟಿಗೆ. ಎದೇಲಿ ಗಂಟು ಕೈಗೆ ಸಿಕ್ಕಿದ್ರೂ ಎಷ್ಟೋ ದಿನ ಯಾರಿಗೂ ಹೇಳದೆ ಸುಮ್ನಿದ್ದೆ. ತಪ್ಪು ಅಂತ ಇದ್ರೆ ಅದೊಂದೇ, ಅದೂ ಪಾಪ ಅಲ್ಲ, ಹೆದರಿಕೆ. ನೀನು ಹೋಗಿ ತೋರಿಸ್ದೆ, ಆಪರೇಷನ್ ಮಾಡಿಸ್ಕೊಂಡೆ, ಕಾಪಾಡ್ಕೊಳ್ಳೋದು ಅಂದ್ರೆ ಇನ್ನೇನು ಹೇಳು?

ಶಿವಮೊಗ್ಗದಿಂದ

ಅಮ್ಮ ನಮಸ್ಕಾರ. ಮಕ್ಕಳಿಗೆ ಭಾನುವಾರ ಧರ್ಮೋಪದೇಶ ಹೇಳ್ಕೊಡ್ತೀನಿ ನಾನು. ನಿಮಗೆ ಆ ಗುಡಿ ಮಾತು ಹೇಳಿದೋರು ಬೈಬಲಲ್ಲಿ ಆ ವಾಕ್ಯದ ಹಿಂದೆಮುಂದೆ ಓದಿಲ್ಲ ಅಂತ ಕಾಣುತ್ತೆ. ಕೊರಿಂಥ ಅನ್ನೋದು ಗ್ರೀಸಿನ ಒಂದು ಬಂದರು ಪಟ್ಟಣ, ಅಲ್ಲಿ ಹೊಸದಾಗಿ ವಿಶ್ವಾಸಿಗಳಾದ ಕೆಲವರು ಮೈಯಿಂದ ಏನು ಮಾಡಿದ್ರೂ ನಡಿಯುತ್ತೆ ಅಂದ್ಕೊಂಡು ವೇಶ್ಯೆಯರ ಹತ್ರ ಹೋಗೋರು, ಅವರಿಗೆ ಸಂತ ಪೌಲರು ಮೊದಲನೇ ಪತ್ರದ 6ನೇ ಅಧ್ಯಾಯದಲ್ಲಿ ಬರೆದ ಮಾತು ಅದು. ಕಾಯಿಲೆ ಬಿದ್ದೋರಿಗೆ ಬರೆದಿದ್ದಲ್ಲವೇ ಅಲ್ಲ. ಗ್ರೀಕಲ್ಲಿ ಅಲ್ಲಿರೋ ಪದ ನಾವೊಸ್, ಅಂದ್ರೆ ಪ್ರಾಕಾರ ಪೌಳಿ ಎಲ್ಲಾ ದಾಟಿ ಒಳಗಿರೋ ಗರ್ಭಗುಡಿ. ಯಾರು ವಾಸ ಇದ್ದಾರೆ ಅನ್ನೋದ್ರಿಂದ ಅದು ಗರ್ಭಗುಡಿ, ಗೋಡೆ ಎಷ್ಟು ನೆಟ್ಟಗಿದೆ ಅನ್ನೋದ್ರಿಂದ ಅಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತಿದೆ, ನೀವು ನಿಮ್ಮ ಸ್ವಂತ ಸೊತ್ತಲ್ಲ, ಕ್ರಯ ಕೊಟ್ಟು ಕೊಂಡವರು ಅಂತ. ಮಳೆಗಾಲದಲ್ಲಿ ಮರ ಬಿದ್ದು ಹೆಂಚು ಒಡೀತು ಅಂತ ಕ್ರಯಪತ್ರ ರದ್ದಾಗುತ್ತಾ ಅಮ್ಮ, ಮನೆ ಒಡೆಯ ಬದಲಾಗ್ತಾನಾ?

ಅದೇ ಪತ್ರದ 3ನೇ ಅಧ್ಯಾಯದಲ್ಲಿ ನೀವೆಲ್ಲ ಸೇರಿ ದೇವರ ಆಲಯ ಅಂತಾರೆ, ಅದನ್ನ ಹಾಳು ಮಾಡೋರಿಗೆ ಗಟ್ಟಿಯಾಗೇ ಎಚ್ಚರಿಕೆ ಕೊಡ್ತಾರೆ. ನಿಮ್ಮಂಥೋರನ್ನ ಚರ್ಚಿನಿಂದ ದೂರ ಮಾಡೋ ನಾಲಿಗೆಗೆ ಆ ಎಚ್ಚರಿಕೆ ಅಂತ ನಾನು ನಂಬಿದೀನಿ. ಹುಟ್ಟು ಕುರುಡನ್ನ ನೋಡಿ ಇದು ಯಾರ ಪಾಪ, ಇವನದಾ ಇವನ ಅಪ್ಪ ಅಮ್ಮಂದಾ ಅಂತ ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಇಬ್ಬರದೂ ಅಲ್ಲ ಅಂದ್ರು, ಯೊವಾನ್ನರ ಶುಭಸಂದೇಶ 9ನೇ ಅಧ್ಯಾಯ, ಇವತ್ತೇ ತೆಗೆದು ಓದಿ. ಪುನರುತ್ಥಾನ ಆದ ಮೇಲೂ ಅವರ ಕೈಯಲ್ಲಿ, ಪಕ್ಕೆಯಲ್ಲಿ ಶಿಲುಬೆಯ ಗಾಯ ಹಾಗೇ ಇತ್ತು. ಮುಚ್ಚಿಟ್ಕೊಳ್ಳಲಿಲ್ಲ, ಶಿಷ್ಯ ತೋಮನನ್ನ ಕರೆದು ಮುಟ್ಟು ಅಂದ್ರು. ಆಪರೇಷನ್ ಗಾಯ ಇರೋ ಮೈ ದೇವರಿಗೆ ಹೊಸದಲ್ಲ.

ಹೊಸನಗರದಿಂದ, ಒಬ್ರು ನರ್ಸ್

ನಾನು ಕೆಲಸದ ಮಾತಷ್ಟೇ ಹೇಳ್ತೀನಿ ಅಕ್ಕಾ. ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದ್ರೆ ಆ ಕೈ ಊದ್ಕೊಳ್ಳೋ ಸಾಧ್ಯತೆ ಇರುತ್ತೆ, ಬಳೆ ಬಿಗಿ ಆಯ್ತು ಅನ್ಸಿದ್ರೆ ತಡ ಮಾಡ್ದೆ ತೋರಿಸಿ. ಬಿಪಿ ನೋಡೋಕೆ, ಇಂಜೆಕ್ಷನ್‌ಗೆ ಬಲಗೈ ಕೊಡಿ. ಅಡಿಕೆ ಸುಲಿಯೋಕೆ ಹೋಗೋರಾದ್ರೆ ಮೆಟ್ಟುಗತ್ತಿ ಹತ್ರ ಎಡಗೈ ಬಗ್ಗೆ ತುಂಬಾ ಹುಷಾರು, ಸಣ್ಣ ಗಾಯ ಆದ್ರೂ ತೊಳೆದು ಔಷಧಿ ಹಚ್ಚಿ, ತೋಟದಲ್ಲಿ ಗ್ಲೌಸ್ ಹಾಕ್ಕೊಳ್ಳಿ. ಹೇಳ್ಕೊಟ್ಟಿರೋ ಕೈ ವ್ಯಾಯಾಮ ಬಿಡಬೇಡಿ, ಉಳಿದಿರೋ ಕಡೆಗೆ ಡಾಕ್ಟರ್ ಹೇಳಿದ ಹಾಗೆ ಮ್ಯಾಮೋಗ್ರಾಂ ಮಾಡಿಸ್ತಾ ಇರಿ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಬರೋ ಕ್ಯಾನ್ಸರೇ ಇದು, ಬೀಡಿ ಹೊಗೆಸೊಪ್ಪು ಮುಟ್ಟದೋರಿಗೂ, ದಿನಾ ಜಪಸರ ಮಾಡೋರಿಗೂ ಬರುತ್ತೆ. ಇಷ್ಟಾದ್ರೂ ಕನ್ನಡಿ ನೋಡೋಕೆ ಆಗ್ತಿಲ್ಲ ಅನ್ನೋದನ್ನ ಮುಂದಿನ ಚೆಕಪ್‌ನಲ್ಲಿ ಬಾಯಿಬಿಟ್ಟು ಹೇಳಿ, ಅದಕ್ಕೂ ಕೌನ್ಸೆಲಿಂಗ್ ಇದೆ.

ಸಾಗರದಿಂದ

ನಾವು ಲಿಂಗಾಯತರು, ನಿಮ್ಮ ಬೈಬಲ್ ನಂಗೆ ಗೊತ್ತಿಲ್ಲ. ಆದ್ರೆ ದೇಹವೇ ದೇಗುಲ ಅನ್ನೋದನ್ನ ಬಸವಣ್ಣನವರ ವಚನದಲ್ಲಿ ಕೇಳ್ಕೊಂಡೇ ಬೆಳೆದೋಳು. ಉಳ್ಳವರು ಶಿವಾಲಯ ಕಟ್ತಾರೆ, ನಾನು ಬಡವ ಏನು ಮಾಡ್ಲಿ ಅಂತ ಶುರುವಾಗುತ್ತೆ ಅದು. ಕಟ್ಟೋಕೆ ಗತಿ ಇಲ್ಲದೋನಿಗೆ ಧೈರ್ಯ ತುಂಬೋ ಮಾತು, ಅದನ್ನ ಎತ್ತಿ ನೊಂದೋರ ತಲೆ ಮೇಲೆ ಹಾಕ್ತಾರಲ್ಲ ಅಂತ ಸಂಕಟ ಆಯ್ತು. ಒಂದ್ಸಲ ಇಕ್ಕೇರಿಗೆ ಬನ್ನಿ ಅಕ್ಕಾ. ಅಘೋರೇಶ್ವರನ ಗರ್ಭಗುಡೀಲಿ ಅಷ್ಟು ದೊಡ್ಡ ಕೆತ್ತನೆ ಪೀಠ ಇದೆ, ಅದಕ್ಕೆ ತಕ್ಕ ಹಳೇ ಮೂರ್ತಿ ಇಲ್ಲ, ಮೇಲೆ ಪುಟ್ಟ ಲಿಂಗ. ನಮ್ಮಮ್ಮ ಅದರ ಮುಂದೆ ಕೈ ಮುಗಿದು ನಿಂತಾಗ ಏನೋ ಕಮ್ಮಿ ಇದೆ ಅಂತ ಒಂದಿನಾನೂ ಅಂದಿಲ್ಲ.

ಕೊಪ್ಪದಿಂದ

ಇದು ನಿಮ್ಮ ಯಜಮಾನ್ರಿಗೆ, ದಯವಿಟ್ಟು ಓದೋಕೆ ಕೊಡಿ. ಸರ್, ನನ್ನ ಹೆಂಡ್ತಿಗೂ ಇದೇ ಆಪರೇಷನ್ ಆಗಿದೆ. ಮನೆಗೆ ಬಂದಾಗ ಪಕ್ಕದಲ್ಲಿ ಟ್ಯೂಬು, ಗಾಯದ ನೀರು ಇಳಿಯೋ ಡ್ರೈನ್ ಬಾಟ್ಲಿ ಇತ್ತು, ದಿನಾ ಬೆಳಿಗ್ಗೆ ನಾನೇ ಖಾಲಿ ಮಾಡಿ ಎಷ್ಟು ಎಂಎಲ್ ಅಂತ ಅಡಿಗೆಮನೆ ಕ್ಯಾಲೆಂಡರಲ್ಲಿ ಬರೀತಿದ್ದೆ. 110, 90, 60, ಆಮೇಲೆ 25. ಅಷ್ಟು ಮಾಡಿದೋನು ಟ್ಯೂಬ್ ತೆಗೆದ ಮೇಲೆ ಅವಳಿಗೆ ನೋವಾಗುತ್ತೆ ಅಂತ ಆ ಕಡೆ ನೋಡೋದನ್ನೇ ಬಿಟ್ಟೆ, ಅವಳು ನನಗೆ ಅಸಹ್ಯ ಅಂದ್ಕೊಂಡ್ಲು, ಇಬ್ರೂ ಎರಡು ತಿಂಗಳು ಬೆನ್ನು ಹಾಕಿ ಮಲಗಿದ್ವಿ. ಒಂದಿನ ಕ್ಯಾಲೆಂಡರ್ ಹಾಳೆ ತಿರುವಿ ಹಾಕುವಾಗ ಆ ನಂಬರ್ ನೋಡಿ ಅವಳೇ ಅತ್ಲು, ನಾನೂ ಅತ್ತೆ, ಅವತ್ತು ಮಾತಾಡಿದ್ವಿ. ನೀವು ಅಷ್ಟು ದಿನ ಕಾಯಬೇಡಿ ಸರ್. ಈ ಭಾನುವಾರ ಪೂಜೆಗೆ ಅವರ ಜೊತೆಗೇ ಹೋಗಿ, ಅವರ ಎಡಗಡೆ ಕೂತ್ಕೊಳ್ಳಿ.