ಒಳಬಳೆ, ಹೊರಬಳೆ, ನಡುಗೊಳವೆ: ಬೈಕಿನ ಬೇರಿಂಗ್ ಕೆಲಸಕ್ಕೆ ಈ ಪದಗಳು ಸಲ್ಲುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ಬೈಕಿನ ಚಕ್ರದ ಬೇರಿಂಗನ್ನು ಮನೆಯಲ್ಲೇ ಬದಲಿಸಿಕೊಳ್ಳುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚೈನು ಬಿಗಿ ಮಾಡಿಕೊಳ್ಳಲು, ಬ್ರೇಕ್ ಶೂ ಹಾಕಿಕೊಳ್ಳಲು ಬರುತ್ತದೆ, ಬೇರಿಂಗಿಗೆ ಮಾತ್ರ ಇನ್ನೂ ಕೈ ಹಾಕಿಲ್ಲ ಎನ್ನುವವರಿಗಾಗಿ ಈ ಬರಹ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಬೇರಿಂಗ್ ಎಂಬ ಪದವನ್ನು ನಾನು ಮುಟ್ಟುವುದಿಲ್ಲ. ‘ಧಾರಕ’ ಎಂದು ಬರೆದರೆ ವಿಜ್ಞಾನದ ಪಠ್ಯ ಓದಿದವರಿಗೆ ಕೆಪಾಸಿಟರ್ ನೆನಪಾಗುತ್ತದೆ, ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಏನೂ ನೆನಪಾಗುವುದಿಲ್ಲ. ಅಂಗಡಿಯಲ್ಲಿ ನಡೆಯುವುದು ಬೇರಿಂಗಿನ ಮೇಲೆ ಕೊರೆದಿರುವ ನಂಬರು. 6202 ಎಂದರೆ ಒಳವ್ಯಾಸ 15 ಮಿ.ಮೀ., ಹೊರವ್ಯಾಸ 35, ದಪ್ಪ 11. 6302ರ ಒಳವ್ಯಾಸವೂ 15 ಮಿ.ಮೀ., ಆದರೆ ಹೊರವ್ಯಾಸ 42, ದಪ್ಪ 13. ಒಂದೇ ಅಚ್ಚಿಗೆ (ಆಕ್ಸಲ್‌ಗೆ) ಎರಡೂ ಹೋಗುತ್ತವೆ, ಒಂದೇ ಹಬ್ಬಿನಲ್ಲಿ, ಅಂದರೆ ಬೇರಿಂಗು ಕೂರುವ ಚಕ್ರದ ನಡುಭಾಗದಲ್ಲಿ, ಎರಡೂ ಕೂರುವುದಿಲ್ಲ. ಒಳವ್ಯಾಸ, ಹೊರವ್ಯಾಸ, ದಪ್ಪ ಇವು ಮೂರೂ ಓದಿದ ಕೂಡಲೇ ತಿಳಿಯುವ ಮಾತುಗಳು, ಹಾಗೆಯೇ ಇಟ್ಟಿದ್ದೇನೆ. ಆಕ್ಸಲ್‌ಗೆ ‘ಅಚ್ಚು’ ಎಂದಿದ್ದೇನೆ. ಎತ್ತಿನ ಗಾಡಿಯಿಂದ ಬಂದ ಪದ, ಯಾರಿಗೂ ವಿವರಿಸಬೇಕಿಲ್ಲ.

ತೊಡಕು ಇರುವುದು ಬೇರಿಂಗಿನ ಎರಡು ಉಕ್ಕಿನ ಸುತ್ತುಗಳ ಹೆಸರಿನಲ್ಲಿ. ಒಂದರೊಳಗೆ ಅಚ್ಚು ಹಾಯುತ್ತದೆ, ಇನ್ನೊಂದು ಹಬ್ಬಿನ ಗೋಡೆಗೆ ಬಿಗಿಯಾಗಿ ಕೂತಿರುತ್ತದೆ, ನಡುವೆ ಗುಂಡುಗಳು. ಈ ಸುತ್ತುಗಳಿಗೆ ಇಂಗ್ಲಿಷಿನಲ್ಲಿರುವ ‘ರೇಸ್’ ಎಂಬ ಹೆಸರನ್ನು ಹಾಗೇ ತಂದರೆ ಗೊಂದಲ ಖಂಡಿತ. ನಮ್ಮಲ್ಲಿ ‘ರೇಸ್ ಮಾಡು’ ಎಂದರೆ ಎಕ್ಸಲರೇಟರ್ ತಿರುವು ಎಂದರ್ಥ. ಅದಕ್ಕೇ ‘ಒಳಬಳೆ’, ‘ಹೊರಬಳೆ’ ಎಂದು ಬರೆದಿದ್ದೇನೆ. ಬಳೆ ಎಂದರೆ ಕೈಗೆ ತೊಡುವುದಷ್ಟೇ ಅಲ್ಲವಲ್ಲ, ಉಪಕರಣದ ಮರದ ಹಿಡಿ ಸೀಳದಂತೆ ಹಾಕುವ ಕಬ್ಬಿಣದ ಸುತ್ತಿಗೂ ಬಳೆ ಎನ್ನುವುದುಂಟು. ಬಳೆಯೊಳಗೆ ಗುಂಡು ಓಡುವ ತಗ್ಗಿಗೆ ‘ಜಾಡು’ ಎಂದಿದ್ದೇನೆ.

ಈ ಎರಡು ಬಳೆಗಳ ಹೆಸರು ಓದುಗನ ಮನಸ್ಸಿನಲ್ಲಿ ಅದಲುಬದಲಾದರೆ ಹೊಸ ಬೇರಿಂಗು ಹಾಕುವಾಗಲೇ ಹಾಳಾಗುತ್ತದೆ. ಹಳೆಯದನ್ನು ತೆಗೆಯುವಾಗ ಎದುರು ಬದಿಯಿಂದ ಉದ್ದನೆಯ ಸರಳು ತೂರಿಸಿ ಒಳಬಳೆಗೇ ಪೆಟ್ಟು ಹಾಕಬೇಕು, ಅಲ್ಲಿಂದ ಹೊರಬಳೆ ಎಟುಕುವುದೇ ಇಲ್ಲ. ಆ ಪೆಟ್ಟೆಲ್ಲ ಗುಂಡುಗಳ ಮೂಲಕ ಹಾದು ಹೊರಬಳೆಗೆ ಮುಟ್ಟಿ, ಜಾಡಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಹಾಗೆ ತೆಗೆದ ಬೇರಿಂಗನ್ನು ಮತ್ತೆ ಹಾಕಬಾರದು ಎನ್ನುವುದು ಇದಕ್ಕೇ. ಹೊಸದನ್ನು ಕೂರಿಸುವಾಗ ಪೆಟ್ಟು ಬೀಳಬೇಕಾದದ್ದು ಹೊರಬಳೆಗೆ ಮಾತ್ರ. ಹೊರಬಳೆಯಷ್ಟೇ ಅಗಲದ ಸಾಕೆಟ್ ಇಟ್ಟು, ಅದರ ಮೇಲೆ ಸುತ್ತಿಗೆಯಿಂದ ತಟ್ಟಬೇಕು.

‘ತಟ್ಟು’ ಎಂದೆ. ಇಲ್ಲಿಯೂ ನಿಮ್ಮ ಕಿವಿ ಬೇಕು. ಗ್ಯಾರೇಜಿನಲ್ಲಿ ಎಲ್ಲದಕ್ಕೂ ‘ಹೊಡಿ’ ಎಂಬ ಒಂದೇ ಮಾತು. ಎದುರಿಗೆ ಗುರು ನಿಂತು ಕೈ ಹಿಡಿದು ತೋರಿಸುತ್ತಿದ್ದರೆ ಅದೇ ಸಾಕು, ಬರಹದಲ್ಲಿ ಸಾಲದು. ‘ಬಡಿಯಿರಿ’ ಎಂದು ಬರೆದರೆ ಕೈಯಲ್ಲಿ ಸಿಟ್ಟು ಬರುತ್ತದೆ. ‘ಜಡಿಯಿರಿ’ ಎಂದರೆ ಮೊಳೆ ಹೊಡೆದಂತೆ ಒಂದೇ ಏಟಿಗೆ ಇಳಿಸಲು ನೋಡುತ್ತಾರೆ, ಬೇರಿಂಗು ಓರೆಯಾಗಿ ಹಬ್ಬಿನ ಅಲ್ಯುಮಿನಿಯಂ ಕೆತ್ತಿಹೋಗುತ್ತದೆ. ಹಾಗಾಗಿ ತೆಗೆಯುವಲ್ಲಿ ‘ಸುತ್ತಲೂ ಅಷ್ಟಷ್ಟೇ ಹೊಡೆದು ಹೊರಡಿಸಿ’ ಎಂದೂ, ಹಾಕುವಲ್ಲಿ ‘ತಟ್ಟಿ ಕೂರಿಸಿ’ ಎಂದೂ ಬರೆದಿದ್ದೇನೆ. ‘ಕೂತಿತು’ ಎಂಬುದು ಗ್ಯಾರೇಜಿನದೇ ಮಾತು, ಅದನ್ನು ಬಿಡಲು ಮನಸ್ಸಿಲ್ಲ. ಬೇರಿಂಗು ತಳ ಮುಟ್ಟಿದಾಗ ಸುತ್ತಿಗೆಯ ಸದ್ದೇ ಬದಲಾಗುತ್ತದೆ: ಅಲ್ಲಿಯವರೆಗೆ ಮಂದವಾಗಿ ಬರುತ್ತಿದ್ದದ್ದು ಒಮ್ಮೆಲೇ ಗಟ್ಟಿಯಾಗಿ ‘ಠಣ್’ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಬೇರಿಂಗನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು, ಹಬ್ಬನ್ನು ಬಿಸಿ ಮಾಡಿಕೊಂಡರೆ ಪೆಟ್ಟು ಕಡಿಮೆ ಸಾಕು. ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಹಿಗ್ಗು, ಕುಗ್ಗು ಇರುವಾಗ ಈ ಭಾಗಕ್ಕೆ ಬೇರೆ ಪದ ಬೇಡವೇ ಬೇಡ.

ಇನ್ನೊಂದು ಪದಕ್ಕೆ ನಿಜವಾಗಿಯೂ ಸಹಾಯ ಬೇಕು. ಎರಡು ಬೇರಿಂಗುಗಳ ನಡುವೆ, ಹಬ್ಬಿನೊಳಗೆ, ಒಂದು ಉಕ್ಕಿನ ಕೊಳವೆ ಇರುತ್ತದೆ. ಅಚ್ಚಿನ ನಟ್ ಬಿಗಿ ಮಾಡಿದಾಗ ಎರಡೂ ಒಳಬಳೆಗಳು ಈ ಕೊಳವೆಯ ಎರಡು ತುದಿಗೆ ಒರಗಿ ನಿಲ್ಲುತ್ತವೆ. ಇದನ್ನು ಹಾಕಲು ಮರೆತರೆ ನಟ್ಟಿನ ಬಿಗಿತವೆಲ್ಲ ಗುಂಡುಗಳ ಮೇಲೆ ಪಕ್ಕದಿಂದ ಬಿದ್ದು, ಹೊಸ ಬೇರಿಂಗು ಬೇಗನೆ ಸತ್ತುಹೋಗುತ್ತದೆ. ಎರಡನೆಯ ಬೇರಿಂಗನ್ನು ಕೂರಿಸುವಾಗಲೂ ಒಳಬಳೆ ಈ ಕೊಳವೆಗೆ ತಾಗಿದರೆ ಸಾಕು, ಒತ್ತಬಾರದು. ಇಷ್ಟು ಮುಖ್ಯವಾದ ಭಾಗಕ್ಕೆ ಒಬ್ಬರು ಸ್ಪೇಸರ್ ಎನ್ನುತ್ತಾರೆ, ಒಬ್ಬರು ಕಾಲರ್, ಮತ್ತೊಬ್ಬರು ಬುಷ್. ಬುಷ್ ಎಂದರೆ ಹಿಂಚಕ್ರದ ಡ್ರಮ್ಮಿನ ರಬ್ಬರ್ ಎಂದುಕೊಳ್ಳುವವರೂ ಇದ್ದಾರೆ. ನನ್ನ ಸಲಹೆ ‘ನಡುಗೊಳವೆ’. ಬಾಯಲ್ಲಿ ಸರಾಗವಾಗಿ ಹೊರಳುತ್ತದೆಯೇ? ಎತ್ತಿನ ಗಾಡಿಯ ಗುಂಬದೊಳಗೆ (ಚಕ್ರದ ನಡುವಿನ ದಿಮ್ಮಿಯೊಳಗೆ) ಅಚ್ಚು ಹಾಯುವ ಜಾಗಕ್ಕೆ ಹಾಕುವ ಕಬ್ಬಿಣದ ಕೊಳವೆಗೆ ನಿಮ್ಮೂರಿನ ಬಡಗಿ, ಕಮ್ಮಾರರು ಏನೆನ್ನುತ್ತಾರೆ? ಆ ಹೆಸರು ಸಿಕ್ಕರೆ ನನ್ನ ಪದವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಕೊನೆಯದು ‘ಪ್ಲೇ’. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದಾಗ ‘ಟಕ್ ಟಕ್’ ಎಂದು ಅಚ್ಚಿನ ಹತ್ತಿರ ಆಡಿದರೆ ಬೇರಿಂಗು ಸವೆದಿದೆ. ಇದಕ್ಕೆ ‘ಅಲ್ಲಾಟ’ ಎಂದಿದ್ದೇನೆ. ರಿಮ್ ಔಟಾಗಿ, ಅಂದರೆ ಸೊಟ್ಟಗಾಗಿ, ಚಕ್ರ ತಿರುಗುವಾಗ ಅತ್ತಿತ್ತ ಹೋಗುವುದಕ್ಕೆ ‘ಓಲಾಟ’ ಎಂದು ಬೇರೆ ಮಾಡಿದ್ದೇನೆ, ಏಕೆಂದರೆ ಇವೆರಡರ ರಿಪೇರಿಯೇ ಬೇರೆ. ಗಾಲಿ ಎನ್ನುವ ಕಡೆಯವರಿಗೆ, ಅಂದರೆ ಹುಬ್ಬಳ್ಳಿ, ವಿಜಯಪುರ, ಕಲಬುರಗಿಯ ಓದುಗರಿಗೆ ಈ ಎರಡು ಪದಗಳ ನಡುವಿನ ಅಂತರ ಹೀಗೆಯೇ ಕೇಳಿಸುತ್ತದೆಯೇ? ಕರಾವಳಿಯ ಗ್ಯಾರೇಜುಗಳಲ್ಲಿ ಏನೆನ್ನುತ್ತಾರೆ? ಕೇಳಿದ ಮಾತನ್ನು ತಿದ್ದದೆ, ಕೇಳಿದ ಹಾಗೆಯೇ, ಊರಿನ ಹೆಸರಿನೊಂದಿಗೆ ಬರೆದು ತಿಳಿಸಿ.